ರೇಸ್ ಗೆಲ್ಲುವುದು ಕಾಲೋ, ಕಾರ್ಬನ್ ಚಕ್ರವೋ?

ಸೈಕಲ್ ಲೋಕದಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಮೂರು ಸುದ್ದಿಗಳು ಬಂದವು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಅದರ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. 2026ರ ಜನವರಿ 1ರಿಂದ, ಎಲ್ಲರೂ ಒಟ್ಟಿಗೆ ಹೊರಡುವ ರಸ್ತೆ ರೇಸ್‌ಗಳಲ್ಲಿ ಚಕ್ರದ ರಿಮ್ 65 ಮಿ.ಮೀ.ಗಿಂತ ಆಳವಾಗಿರಬಾರದು ಎಂಬ ನಿಯಮವನ್ನು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ ಜಾರಿಗೆ ತಂದಿತು. ಅದೇ ಜನವರಿಯಲ್ಲಿ ಪುಣೆಯ ರಸ್ತೆಗಳಲ್ಲಿ ಯುಸಿಐ ಮಾನ್ಯತೆಯ ಬಹುಹಂತದ ರೇಸ್ 'ಪುಣೆ ಗ್ರ್ಯಾಂಡ್ ಟೂರ್' ನಡೆಯಿತು.

ಮೂರೂ ಬೇರೆ ಬೇರೆ ಸುದ್ದಿಗಳಂತೆ ಕಂಡರೂ ಮೂರರ ಹಿಂದೆಯೂ ಒಂದೇ ಪ್ರಶ್ನೆ ಇದೆ. ಸೈಕಲ್ ರೇಸ್‌ನಲ್ಲಿ ಮನುಷ್ಯನ ಪಾಲೆಷ್ಟು, ಯಂತ್ರದ ಪಾಲೆಷ್ಟು? ಈ ಪ್ರಶ್ನೆ ನಮ್ಮ ರಾಜ್ಯಕ್ಕೆ ದೂರದ್ದಲ್ಲ. ವಿಜಯಪುರ, ಬಾಗಲಕೋಟೆ, ಗದಗ ಭಾಗದ ಹಳ್ಳಿಗಳಿಂದ ತಲೆಮಾರುಗಳಿಂದ ರಾಷ್ಟ್ರಮಟ್ಟದ ಸೈಕ್ಲಿಸ್ಟ್‌ಗಳು ಬರುತ್ತಿದ್ದಾರೆ. ಅವರಲ್ಲಿ ಹೆಚ್ಚಿನವರು ರೈತ, ಕೂಲಿ ಕುಟುಂಬದ ಮಕ್ಕಳು. ಅವರಿಗೆ ಒಂದು ಪದಕ ಎಂದರೆ ಗೋಡೆಗೆ ತೂಗುಹಾಕುವ ಬಿಲ್ಲೆಯಲ್ಲ. ರೈಲ್ವೆ, ಸೇನೆ, ಪೊಲೀಸ್ ಇಲಾಖೆಯಲ್ಲಿ ಕ್ರೀಡಾ ಕೋಟಾದ ನೌಕರಿ. ಆ ಪದಕವನ್ನು ಚಕ್ರದ ಬೆಲೆ ನಿರ್ಧರಿಸುವಂತಾದರೆ ನೌಕರಿಯನ್ನೂ ಅದೇ ನಿರ್ಧರಿಸಿದಂತೆ. ಆದ್ದರಿಂದ ಚಕ್ರದಿಂದ ನಿಜವಾಗಿ ಎಷ್ಟು ಲಾಭವಿದೆ ಎಂದು ಮೆಕ್ಯಾನಿಕಲ್ ವಿದ್ಯಾರ್ಥಿಯಾಗಿ ನಾನು ಲೆಕ್ಕ ಹಾಕಿ ನೋಡಿದೆ. ಪಿಯುಸಿ ಭೌತಶಾಸ್ತ್ರ ಗೊತ್ತಿದ್ದರೆ ಯಾರು ಬೇಕಾದರೂ ಮಾಡಬಹುದಾದ ಲೆಕ್ಕ ಇದು.

ಶತ್ರು ತೂಕವಲ್ಲ, ಗಾಳಿ

ಸವಾರ ಮತ್ತು ಸೈಕಲ್ ಸೇರಿ 75 ಕೆ.ಜಿ. ಎಂದುಕೊಳ್ಳಿ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 36 ಕಿ.ಮೀ. ವೇಗ ಕಾಯ್ದುಕೊಳ್ಳಲು ಸುಮಾರು 220 ವಾಟ್ ಶಕ್ತಿ ಬೇಕು. ಅದರಲ್ಲಿ 180 ವಾಟ್‌ಗೂ ಹೆಚ್ಚು ಗಾಳಿಯನ್ನು ಸೀಳಲೇ ಹೋಗುತ್ತದೆ. ಉಳಿದದ್ದರಲ್ಲಿ ಬಹುಪಾಲನ್ನು ಟೈರ್ ಮತ್ತು ರಸ್ತೆಯ ನಡುವಿನ ಉರುಳು ಪ್ರತಿರೋಧ ತಿನ್ನುತ್ತದೆ. ಗಾಳಿಗೆ ತೆರುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. 30ರಿಂದ 36ಕ್ಕೆ ವೇಗ ಏರುವುದು ಶೇ 20ರಷ್ಟು ಮಾತ್ರ. ಆದರೆ ಗಾಳಿಗೆ ಕೊಡಬೇಕಾದ ಶಕ್ತಿ ಶೇ 73ರಷ್ಟು ಏರುತ್ತದೆ.

ಆಳವಾದ ರಿಮ್ಮಿಗೆ ಬೇಡಿಕೆ ಬಂದದ್ದು ಇದರಿಂದಲೇ. 45–50 ಮಿ.ಮೀ. ಆಳದ ರಿಮ್ಮಿನ ಹಿಂದೆ ಗಾಳಿ ಕಡಿಮೆ ಕದಡುತ್ತದೆ, ಗಾಳಿಯನ್ನು ಕಡೆಯುವ ಕಡ್ಡಿಗಳೂ ಗಿಡ್ಡವಾಗುತ್ತವೆ. ಈ ವೇಗದಲ್ಲಿ ಸಾದಾ ಅಲ್ಯೂಮಿನಿಯಂ ಚಕ್ರಕ್ಕಿಂತ ಎಂಟು ವಾಟ್ ಉಳಿಯಿತು ಎಂದುಕೊಳ್ಳೋಣ. 40 ಕಿ.ಮೀ. ಟೈಮ್ ಟ್ರಯಲ್‌ನಲ್ಲಿ ಅದು ಸುಮಾರು 50 ಸೆಕೆಂಡ್ ಆಗುತ್ತದೆ. ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡುವ ಈ ಬಗೆಯ ಸ್ಪರ್ಧೆಯಲ್ಲಿ 50 ಸೆಕೆಂಡ್ ಸಣ್ಣದಲ್ಲ. ಅಷ್ಟರಲ್ಲಿ ಪದಕದ ಬಣ್ಣವೇ ಬದಲಾಗಬಹುದು. ಗುಂಪು ರೇಸ್‌ನಲ್ಲಿ ಮಾತ್ರ ಚಿತ್ರ ಬೇರೆ. ಮುಂದಿನವನ ಬೆನ್ನ ಹಿಂದೆ ಸೇರಿಕೊಂಡರೆ ಗಾಳಿಯ ಹೊರೆ ಮೂರನೇ ಒಂದರಷ್ಟು ತಗ್ಗುತ್ತದೆ. ಗುಂಪಿನೊಳಗೆ ಜಾಗ ಹಿಡಿಯಲು ಬಲ್ಲವನು ಯಾವ ಚಕ್ರವೂ ಕೊಡಲಾರದಷ್ಟನ್ನು ಪುಕ್ಕಟೆ ಉಳಿಸುತ್ತಾನೆ.

ಇನ್ನು ತೂಕ. 'ಚಕ್ರದಲ್ಲಿ ನೂರು ಗ್ರಾಂ ಇಳಿಸಿದರೆ ಸೈಕಲ್‌ನಲ್ಲಿ ಕೆ.ಜಿ. ಇಳಿಸಿದಂತೆ' ಎಂಬ ಮಾತು ಸವಾರರ ಬಾಯಲ್ಲಿದೆ. ಲೆಕ್ಕ ಅದನ್ನು ಒಪ್ಪುವುದಿಲ್ಲ. ತಿರುಗುವ ರಿಮ್ಮಿನ ಅಂಚಿನ ತೂಕ ವೇಗ ಏರಿಸುವಾಗ ಹೆಚ್ಚೆಂದರೆ ಎರಡು ಪಟ್ಟು ಲೆಕ್ಕಕ್ಕೆ ಬರುತ್ತದೆ, ಹತ್ತು ಪಟ್ಟಲ್ಲ. ರಿಮ್ಮಿನಲ್ಲಿ 400 ಗ್ರಾಂ ಉಳಿಸಿ 30ರಿಂದ 40 ಕಿ.ಮೀ.ಗೆ ಹತ್ತು ಸೆಕೆಂಡಿನಲ್ಲಿ ಜಿಗಿದರೆ ಉಳಿಯುವುದು ಬರೀ ಎರಡು ವಾಟ್. ನಂದಿ ಬೆಟ್ಟದಂಥ ಅರ್ಧ ಗಂಟೆಯ ಏರಿನಲ್ಲಿ ಅದೇ 400 ಗ್ರಾಂನಿಂದ ಸಿಗುವುದು ಸುಮಾರು ಒಂಬತ್ತು ಸೆಕೆಂಡ್. ಏರು ರೇಸ್ ಗೆಲ್ಲುವ ಹಂತದಲ್ಲಿರುವವರಿಗೆ ಅದು ಬೇಕು. ಉಳಿದವರು ಬಾಟಲಿಯ ನೀರನ್ನು ಲೆಕ್ಕ ಹಾಕಿ ತುಂಬಿಕೊಂಡರೂ ಅಷ್ಟು ಲಾಭವಾಗುತ್ತದೆ.

ಟೈರ್ ಕೊಡುವ ಲಾಭ

ಈ ಲೆಕ್ಕದಲ್ಲಿ ನನಗೆ ಅಚ್ಚರಿ ತಂದದ್ದು ಟೈರ್. ಅಗ್ಗದ ಗಟ್ಟಿ ಟೈರ್‌ನ ಉರುಳು ಪ್ರತಿರೋಧದ ಗುಣಾಂಕ 0.007ರ ಆಸುಪಾಸು, ಒಳ್ಳೆಯ ರೇಸ್ ಟೈರ್‌ನದು 0.004ರ ಆಸುಪಾಸು ಎಂದಿಟ್ಟುಕೊಂಡರೆ, 36 ಕಿ.ಮೀ. ವೇಗದಲ್ಲಿ ವ್ಯತ್ಯಾಸ 22 ವಾಟ್. 40 ಕಿ.ಮೀ. ಓಟದಲ್ಲಿ ಅದು ಎರಡು ನಿಮಿಷದಷ್ಟು. ಕಾರ್ಬನ್ ಚಕ್ರದ ಅಗ್ಗದ ಜೋಡಿಗೇ ಮೂವತ್ತು ನಲವತ್ತು ಸಾವಿರ ರೂಪಾಯಿ ಬೇಕು, ಹೆಸರಾಂತ ಕಂಪನಿಯದಾದರೆ ಲಕ್ಷ ದಾಟುತ್ತದೆ. ರೇಸ್ ಟೈರ್ ಜೋಡಿ ಅದರ ಕಾಲು ಭಾಗದಷ್ಟು ಹಣದಲ್ಲಿ ಸಿಗುತ್ತದೆ. ಕಡಿಮೆ ದುಡ್ಡಿಗೆ ಹೆಚ್ಚು ಲಾಭ ಬೇಕಿದ್ದರೆ ಮೊದಲು ಟೈರ್ ಬದಲಿಸಬೇಕು.

ಅಗಲದ ವಿಚಾರದಲ್ಲೂ ಹಳೆಯ ನಂಬಿಕೆ ಬದಲಾಗಿದೆ. ಹಿಂದೆ 23 ಮಿ.ಮೀ. ಟೈರ್‌ಗೆ ಕಲ್ಲಿನಂತೆ ಗಾಳಿ ತುಂಬುತ್ತಿದ್ದರು. ಈಗ ವೃತ್ತಿಪರರೂ 28 ಮಿ.ಮೀ. ಮತ್ತು ಅದಕ್ಕಿಂತ ಅಗಲದ್ದನ್ನು ಕಡಿಮೆ ಒತ್ತಡದಲ್ಲಿ ಓಡಿಸುತ್ತಾರೆ. ತರಿತರಿ ಡಾಂಬರಿನ ಮೇಲೆ ಗಟ್ಟಿ ಟೈರ್ ಪುಟಿಯುತ್ತದೆ. ಪುಟಿದಾಗಲೆಲ್ಲ ಮುಂದೆ ಹೋಗಬೇಕಾದ ಶಕ್ತಿ ಸವಾರನ ಮೈ ಅಲುಗಿಸುವುದರಲ್ಲಿ ಕಳೆದುಹೋಗುತ್ತದೆ. ನಮ್ಮ ರಸ್ತೆಗಳಿಗಂತೂ ಈ ಮಾತು ಇನ್ನಷ್ಟು ಸರಿ. ಆದ್ದರಿಂದ ಹೊಸ ಚಕ್ರ ಕೊಳ್ಳುವಾಗ ರಿಮ್ಮಿನ ಆಳಕ್ಕಿಂತ ಮೊದಲು ಅದರ ಒಳ ಅಗಲ ಕೇಳಬೇಕು, ನಮ್ಮ ಫ್ರೇಮ್ ಎಷ್ಟು ಅಗಲದ ಟೈರ್‌ಗೆ ಜಾಗ ಕೊಡುತ್ತದೆ ಎಂದು ಅಳೆಯಬೇಕು.

ಸುರಕ್ಷತೆ ಮರೆತರೆ

ಯುಸಿಐ 65 ಮಿ.ಮೀ. ಮಿತಿ ತಂದದ್ದು ಸುರಕ್ಷತೆಯ ಹೆಸರಿನಲ್ಲಿ. ಆಳವಾದ ಮುಂಚಕ್ರಕ್ಕೆ ಅಡ್ಡಗಾಳಿ ಬಡಿದರೆ ಹ್ಯಾಂಡಲ್ ತಾನಾಗಿ ತಿರುಗಲು ನೋಡುತ್ತದೆ. ಗುಂಪಿನ ನಡುವೆ ಒಬ್ಬ ಒಂದಡಿ ಪಕ್ಕಕ್ಕೆ ಸರಿದರೂ ಹತ್ತು ಜನ ಬೀಳುತ್ತಾರೆ. ಮರಗಳಿಲ್ಲದ ಬಯಲುಸೀಮೆಯಲ್ಲಿ ಆಷಾಢದ ಗಾಳಿಗೆ ಸೈಕಲ್ ತುಳಿದವರಿಗೆ ಇದನ್ನು ವಿವರಿಸಬೇಕಿಲ್ಲ. 50–55 ಕೆ.ಜಿ. ತೂಗುವ ಹುಡುಗ ಹುಡುಗಿಯರಿಗೆ ವೃತ್ತಿಪರರ ಮಿತಿಯಾದ 65 ಇರಲಿ, 50 ಮಿ.ಮೀ. ಮುಂಚಕ್ರವೂ ಕಷ್ಟವಾಗಬಹುದು. ಮುಂದೆ 35–40, ಹಿಂದೆ ಬೇಕಿದ್ದರೆ 50 ಎಂಬುದು ಅವರಿಗೆ ಒಪ್ಪುವ ಜೋಡಿ.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಈಚಿನ ಹಲವು ಕಾರ್ಬನ್ ರಿಮ್‌ಗಳಲ್ಲಿ ಟೈರನ್ನು ಹಿಡಿದಿಡುವ ಅಂಚಿನ ಕೊಕ್ಕೆಯೇ ಇರುವುದಿಲ್ಲ. ಇವನ್ನು ಹುಕ್‌ಲೆಸ್ ಎನ್ನುತ್ತಾರೆ. ಇವುಗಳಿಗೆ ಟ್ಯೂಬ್‌ಲೆಸ್‌ಗೆಂದೇ ತಯಾರಾದ, ಹೊಂದುವ ಟೈರ್ ಮಾತ್ರ ಹಾಕಬೇಕು. ಒತ್ತಡ 5 ಬಾರ್, ಅಂದರೆ 72.5 ಪಿಎಸ್ಐ ಮೀರಬಾರದು. 2024ರ ಫೆಬ್ರುವರಿಯಲ್ಲಿ ಯುಎಇ ಟೂರ್ ರೇಸ್‌ನಲ್ಲಿ ಬೆಲ್ಜಿಯಂನ ಥಾಮಸ್ ಡಿ ಗೆಂಟ್ ಅವರ ಟೈರ್ ಇಂಥ ರಿಮ್ಮಿನಿಂದ ಕಳಚಿ ಅವರು ಬಿದ್ದಾಗ ವೃತ್ತಿಪರ ವಲಯದಲ್ಲೇ ದೊಡ್ಡ ಚರ್ಚೆಯಾಯಿತು. ಮೆಕ್ಯಾನಿಕ್‌ಗಳ ತಂಡ ಬೆನ್ನಿಗಿರುವವರಿಗೇ ಹೀಗಾದರೆ, ರೂಢಿಯಂತೆ 100 ಪಿಎಸ್ಐ ಪಂಪ್ ಹೊಡೆಯುವ ನಮ್ಮ ಗತಿ ಏನು? ಮೊದಲ ಚಕ್ರ ಕೊಳ್ಳುವವರು ಕೊಕ್ಕೆ ಇರುವ ರಿಮ್ ಆರಿಸುವುದು ಕ್ಷೇಮ.

ರಿಪೇರಿಯನ್ನೂ ಯೋಚಿಸಬೇಕು. ಗುಂಡಿಗೆ ಇಳಿದ ಅಲ್ಯೂಮಿನಿಯಂ ರಿಮ್ಮಿನ ಸಣ್ಣ ಬೆಂಡನ್ನು ಅನುಭವಸ್ಥ ಮೆಕ್ಯಾನಿಕ್ ಕಡ್ಡಿ ಬಿಗಿ ಮಾಡಿ ತೆಗೆಯುತ್ತಾನೆ. ಕಾರ್ಬನ್ ಬಾಗುವುದಿಲ್ಲ, ಸೀಳುತ್ತದೆ. ಒಳಗಿನ ಬಿರುಕು ಹೊರಗೆ ಕಾಣದೆಯೂ ಇರಬಹುದು. ಸೆಕೆಂಡ್ ಹ್ಯಾಂಡ್ ಕಾರ್ಬನ್ ಚಕ್ರ ಕೊಳ್ಳುವವರು ಇದನ್ನು ನೆನಪಿಡಬೇಕು. ರಿಮ್ ಬ್ರೇಕ್ ಸೈಕಲ್ ಇದ್ದರೆ ಇನ್ನೂ ಎಚ್ಚರ ಬೇಕು. ಬೆಟ್ಟ ಇಳಿಯುವಾಗ ಸತತವಾಗಿ ಬ್ರೇಕ್ ಹಿಡಿದರೆ ಕಾರ್ಬನ್ ರಿಮ್ ಬಿಸಿಯೇರಿ ಹಾಳಾಗಬಹುದು. ತಲೆ ಬಾಗಿದ ಸಾದಾ ಕಡ್ಡಿ ಹಾಕಿದ ಚಕ್ರವಾದರೆ, ಒಂದು ಮುರಿದಾಗ ಜಿಲ್ಲಾ ಕೇಂದ್ರದಲ್ಲೂ ಬದಲಿ ಸಿಕ್ಕೀತು. ವಿಶೇಷ ಕಡ್ಡಿಗೆ ಬೆಂಗಳೂರಿನಿಂದ ಪಾರ್ಸಲ್ ಬರುವವರೆಗೆ ಅಭ್ಯಾಸ ನಿಲ್ಲುತ್ತದೆ.

ನಿಯಮ ಯಾರ ಪರ?

ತೆರಿಗೆ ಇಳಿಕೆಯನ್ನು ಸ್ವಾಗತಿಸೋಣ. ತೆರಿಗೆ ಬಿಟ್ಟು 40 ಸಾವಿರ ಬೆಲೆಯ ಚಕ್ರಕ್ಕೆ ಮೊದಲು 4,800 ರೂಪಾಯಿ ಜಿಎಸ್‌ಟಿ ಬೀಳುತ್ತಿತ್ತು, ಈಗ 2,000. ಉಳಿದ 2,800 ರೂಪಾಯಿ ವಿದ್ಯಾರ್ಥಿಯ ಒಂದು ತಿಂಗಳ ಮೆಸ್ ಬಿಲ್ಲಿನಷ್ಟು. ಆದರೆ ಒಳ್ಳೆಯ ಚಕ್ರಗಳೆಲ್ಲ ಹೊರಗಿನಿಂದಲೇ ಬರುವುದರಿಂದ ಆಮದು ಸುಂಕದ ಹೊರೆ ಹಾಗೆಯೇ ಇದೆ. ಕೂಲಿ ಕುಟುಂಬದ ಹುಡುಗಿಗೆ 40 ಸಾವಿರವೂ ಅಷ್ಟೇ, 37 ಸಾವಿರವೂ ಅಷ್ಟೇ.

ಹಾಗಾಗಿ ಬೆಲೆಗಿಂತ ನಿಯಮದ ಕಡೆ ನೋಡಬೇಕು. ಯಂತ್ರವನ್ನು ಸಮ ಮಾಡಿ ಮನುಷ್ಯರನ್ನು ಅಳೆಯುವ ಮಾದರಿಗಳು ಈಗಾಗಲೇ ಇವೆ. ಜಪಾನಿನ ಕೇರಿನ್ ರೇಸ್‌ಗಳಲ್ಲಿ ಸ್ಪರ್ಧಿಗಳು ಮಾನ್ಯತೆ ಪಡೆದ ಉಕ್ಕಿನ ಫ್ರೇಮ್, 36 ಕಡ್ಡಿಗಳ ಚಕ್ರಗಳಲ್ಲೇ ಓಡುತ್ತಾರೆ. ಹಲವು ದೇಶಗಳ ಹವ್ಯಾಸಿ ಟೈಮ್ ಟ್ರಯಲ್‌ಗಳಲ್ಲಿ ಎಡ್ಡಿ ಮರ್ಕ್ಸ್ ಹೆಸರಿನ ವಿಭಾಗವಿದ್ದು, ಅಲ್ಲಿ ಆಳದ ರಿಮ್ಮಿಗೂ ಏರೋ ಹ್ಯಾಂಡಲ್‌ಗೂ ಅವಕಾಶವಿಲ್ಲ. ನಮ್ಮಲ್ಲೂ ಜಿಲ್ಲಾ, ವಿಶ್ವವಿದ್ಯಾಲಯ ಮತ್ತು ಕಿರಿಯರ ಆಯ್ಕೆ ರೇಸ್‌ಗಳಲ್ಲಿ ಅಲ್ಯೂಮಿನಿಯಂ ಚಕ್ರ, ನಿಗದಿತ ಆಳದ ಮಿತಿ ಎಂಬ ನಿಯಮ ತರಲು ಖರ್ಚೇನೂ ಇಲ್ಲ; ಆರಂಭದ ಗೆರೆಯಲ್ಲಿ ಒಂದು ಅಳತೆಪಟ್ಟಿ ಸಾಕು.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಮುಂದೆ ರಾಷ್ಟ್ರೀಯ, ಅಂತರರಾಷ್ಟ್ರೀಯ ಮಟ್ಟದಲ್ಲಿ ಕಾರ್ಬನ್ ಚಕ್ರದ ಮೇಲೇ ಓಡಬೇಕಲ್ಲ, ಈಗಲೇ ಅಭ್ಯಾಸ ಬೇಡವೇ? ಬೇಕು. ಆದರೆ ಅದು ಆಯ್ಕೆಯಾದ ನಂತರದ ಮಾತು. ಆಯ್ಕೆಯಾದವರಿಗೆ ಕ್ರೀಡಾ ಹಾಸ್ಟೆಲ್‌ಗಳಲ್ಲಿ ಸರದಿಯ ಮೇಲೆ ಬಳಸಲು ನಾಲ್ಕಾರು ಜೋಡಿ ಒಳ್ಳೆಯ ಚಕ್ರಗಳಿದ್ದರೆ ಸಾಲದೇ? ವಿಜಯಪುರದ ವೆಲೊಡ್ರೋಮ್ ಕಾಮಗಾರಿ ವರ್ಷಗಟ್ಟಲೆ ಎಳೆದದ್ದನ್ನು ನೋಡಿದವರಿಗೆ ಇದು ಎಷ್ಟು ಸಣ್ಣ ಬೇಡಿಕೆ ಎಂದು ಗೊತ್ತಾಗುತ್ತದೆ.

ನಿಯಮ ಬರುವವರೆಗೆ ನನ್ನ ವಯಸ್ಸಿನ ಗೆಳೆಯರಿಗೆ ಹೇಳುವುದು ಇಷ್ಟು. ಮೊದಲು ಸೈಕಲ್ ಅಳತೆಯನ್ನು ಮೈಗೆ ಹೊಂದಿಸಿಕೊಳ್ಳಿ, ಬಗ್ಗಿ ಕೂರುವುದನ್ನು ರೂಢಿಸಿಕೊಳ್ಳಿ. ಗಾಳಿಗೆ ಹೆಚ್ಚು ಅಡ್ಡವಾಗುವುದು ನಮ್ಮ ಮೈಯೇ, ಚಕ್ರವಲ್ಲ. ಎರಡನೆಯದಾಗಿ ಒಳ್ಳೆಯ ಟೈರ್ ಮತ್ತು ಒತ್ತಡ ತೋರಿಸುವ ಪಂಪ್. ಮೂರನೆಯದಾಗಿ 1,600 ಗ್ರಾಂ ಆಸುಪಾಸಿನ ಗಟ್ಟಿ ಅಲ್ಯೂಮಿನಿಯಂ ಚಕ್ರ. ಇಷ್ಟೆಲ್ಲ ಆಗಿಯೂ ಕೈಯಲ್ಲಿ ಹಣ ಉಳಿದಿದ್ದರೆ, ಟೈಮ್ ಟ್ರಯಲ್ ಗುರಿಯಿದ್ದರೆ, ಆಗ ಕಾರ್ಬನ್. ಸಾಲ ಮಾಡಿ, ಕಂತು ಕಟ್ಟಿ ಕೊಳ್ಳುವ ವಸ್ತು ಅದಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬ ಗಾದೆ ಕಾಲಿನಿಂದಲೇ ಗೆಲ್ಲಬೇಕಾದ ಈ ಆಟಕ್ಕೂ ಸಲ್ಲುತ್ತದೆ. ಆದರೆ ಹಾಸಿಗೆ ಚಿಕ್ಕದೆಂಬ ಕಾರಣಕ್ಕೆ ಬಲವಾದ ಕಾಲುಗಳು ಆಯ್ಕೆಯ ಗೆರೆಯಾಚೆ ಉಳಿಯದಂತೆ ನೋಡಿಕೊಳ್ಳಬೇಕಾದದ್ದು ನಿಯಮ ಬರೆಯುವವರ ಕೆಲಸ.