ಒಂದೇ ಪಂಕ್ತಿಯ ಪ್ರಶ್ನೆ

ಊಟಕ್ಕೆ ಯಾರ ಪಕ್ಕದಲ್ಲಿ ಯಾರು ಕೂರಬೇಕು ಎಂಬ ಪ್ರಶ್ನೆ ಒಂದು ಮತದ ಇತಿಹಾಸವನ್ನೇ ತಿರುಗಿಸಬಲ್ಲದೆ? ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಅಂತಿಯೋಕ್ಯ ಪಟ್ಟಣದಲ್ಲಿ ಹಾಗೆಯೇ ಆಯಿತು. ಇಂದಿನ ತುರ್ಕಿಯ ಅಂತಾಕ್ಯವೇ ಆ ಊರು. ಯೇಸುವಿನ ಅನುಯಾಯಿಗಳಿಗೆ ‘ಕ್ರೈಸ್ತರು’ ಎಂಬ ಹೆಸರು ಮೊದಲು ಬಂದದ್ದೂ ಅಲ್ಲಿಯೇ ಎಂದು ಬೈಬಲ್ಲಿನ ‘ಅಪೊಸ್ತಲರ ಕೃತ್ಯಗಳು’ ಹೇಳುತ್ತದೆ.

ಯೇಸು ಯೆಹೂದ್ಯ, ಆತನ ಮೊದಲ ಶಿಷ್ಯರೂ ಯೆಹೂದ್ಯರೇ. ಸುನ್ನತಿ, ಸಬ್ಬತ್ ದಿನದ ವಿಶ್ರಾಂತಿ, ಆಹಾರದ ಕಟ್ಟುಪಾಡು ಇವೆಲ್ಲ ಅವರಿಗೆ ದೇವರೊಡನೆ ಮಾಡಿಕೊಂಡ ಒಡಂಬಡಿಕೆಯ ಗುರುತುಗಳು. ಆದರೆ ಅಂತಿಯೋಕ್ಯದಲ್ಲಿ ಗ್ರೀಕ್ ಮಾತನಾಡುವ ಅನ್ಯಜನರೂ ಈ ಬೋಧನೆಯನ್ನು ಒಪ್ಪಿದರು. ಅವರು ಮೊದಲು ಯೆಹೂದ್ಯರಾಗಬೇಕೆ? ಹೌದು ಎಂದರು ಕೆಲವರು. ಬೇಡ ಎಂದ ಪೌಲ. ಆತನೂ ಯೆಹೂದ್ಯನೇ, ಧರ್ಮಶಾಸ್ತ್ರದಲ್ಲಿ ಬಲು ಕಟ್ಟುನಿಟ್ಟಾದ ಫರಿಸಾಯ ಪಂಥದವನು.

ಆ ಊರಿಗೆ ಬಂದ ಪೇತ್ರ ಮೊದಮೊದಲು ಅನ್ಯಜನರೊಡನೆ ಸಂಕೋಚವಿಲ್ಲದೆ ಉಣ್ಣುತ್ತಿದ್ದ. ಯಾಕೋಬನ ಕಡೆಯವರು ಬಂದೊಡನೆ ಹಿಂಜರಿದು ಬೇರೆ ಕುಳಿತ. ಪೌಲನ ಜೊತೆಗಾರ ಬಾರ್ನಬನೂ ಹಾಗೆಯೇ ಮಾಡಿದ. ನಿನ್ನೆ ಜೊತೆಯಲ್ಲಿ ಉಂಡವನು ಇಂದು ಎದ್ದು ಹೋದರೆ ಉಳಿದವರಿಗೆ ಹೇಗಾಗಿರಬೇಡ? ಪೌಲ ಎಲ್ಲರೆದುರಿನಲ್ಲೇ ಪೇತ್ರನನ್ನು ಆಕ್ಷೇಪಿಸಿದ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲನೇ ಇದನ್ನು ತಿಳಿಸಿದ್ದಾನೆ. ಪೇತ್ರನ ಉತ್ತರ ಮಾತ್ರ ಅದರಲ್ಲಿಲ್ಲ.

ಸುನ್ನತಿಯ ಪ್ರಶ್ನೆ ಇತ್ಯರ್ಥವಾದದ್ದು ಯೆರೂಸಲೇಮಿನಲ್ಲಿ, ಕ್ರಿ.ಶ. 49ರ ಸುಮಾರಿಗೆ ಸೇರಿದ ಹಿರಿಯರ ಸಭೆಯಲ್ಲಿ. ಅಲ್ಲಿ ಪೇತ್ರನೇ ಅನ್ಯಜನರ ಪರವಾಗಿ ಮಾತನಾಡಿದ. ಯಾಕೋಬ ತೀರ್ಪು ಹೇಳಿದ. ಸುನ್ನತಿಯ ಕಡ್ಡಾಯವಿಲ್ಲ, ವಿಗ್ರಹಗಳಿಗೆ ಅರ್ಪಿಸಿದ ಆಹಾರ, ರಕ್ತ, ಕುತ್ತಿಗೆ ಹಿಸುಕಿ ಕೊಂದ ಪ್ರಾಣಿಯ ಮಾಂಸ, ಅನೈತಿಕ ನಡತೆ – ಈ ನಾಲ್ಕನ್ನು ಬಿಟ್ಟರೆ ಸಾಕು.

ಬಾಗಿಲು ತೆರೆಯಿತು. ಒಳಗೆ ಬಂದವರಲ್ಲಿ ಕೆಲವರು ಮನೆಯ ಮೂಲದವರನ್ನೇ ಕೀಳಾಗಿ ಕಾಣುವ ಅಪಾಯವನ್ನೂ ಪೌಲ ಕಂಡಿದ್ದ. ರೋಮಿನವರಿಗೆ ಬರೆದ ಪತ್ರದಲ್ಲಿ ಅನ್ಯಜನರನ್ನು ಆತ ಆಲಿವ್ ಮರಕ್ಕೆ ಕಸಿ ಮಾಡಿದ ಕಾಡುಕೊಂಬೆಗೆ ಹೋಲಿಸಿದ. ಆ ಕೊಂಬೆ ಬದುಕುವುದು ಹಳೆಯ ಬೇರಿನ ಸಾರದಿಂದ; ಆದ್ದರಿಂದ ಜಂಬ ಸಲ್ಲದು ಎಂಬುದು ಅದರ ತಾತ್ಪರ್ಯ.

ಯೂರೋಪು ಈ ಎಚ್ಚರಿಕೆಯನ್ನು ಬಹುಕಾಲ ಮರೆಯಿತು. ಯೇಸುವಿನ ಮರಣದ ಹೊಣೆಯನ್ನು ಇಡೀ ಯೆಹೂದ್ಯ ಜನಾಂಗದ ಮೇಲೆ ಹೊರಿಸಿ, ಶತಮಾನಗಳ ಕಾಲ ಅವರನ್ನು ಹಿಂಸಿಸಲಾಯಿತು. ಹಾಗೆ ಹೊರಿಸುವುದು ತಪ್ಪೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸ್ಪಷ್ಟವಾಗಿ ಸಾರಿತು.

ಹೊಸಬರಿಗೆ ಪಂಕ್ತಿಯಲ್ಲಿ ಜಾಗ ಕೊಡುವುದು ಒಂದು ಪಾಠ. ಜಾಗ ಸಿಕ್ಕ ಮೇಲೆ, ಬಡಿಸಿದವರನ್ನು ಮರೆಯದಿರುವುದು ಇನ್ನೊಂದು ಪಾಠ. ಶಾಲೆಯಲ್ಲಿ ಬುತ್ತಿ ಬಿಚ್ಚುವ ಮಕ್ಕಳಿಗೂ, ಬುತ್ತಿ ಕಟ್ಟಿಕೊಡುವ ಹೆತ್ತವರಿಗೂ ಇದು ಅರ್ಥವಾಗದ ಮಾತೇನಲ್ಲ.