ನಾಗವಲ್ಲಿಯ ಶಾಪ ನಿಜವೇ? ಹೆದರಿಸುವ ಸಿನಿಮಾ ನಮಗೇಕೆ ಇಷ್ಟ?

ನಾಗವಲ್ಲಿಯ ಕಥೆ ಮುಟ್ಟಿದವರಿಗೆ ಉಳಿಗಾಲವಿಲ್ಲ ಎಂಬ ಮಾತನ್ನು ನೀವೂ ಕೇಳಿರಬಹುದು. ‘ಆಪ್ತಮಿತ್ರ’ ತೆರೆಗೆ ಬರುವ ಮೊದಲೇ, 2004ರ ಏಪ್ರಿಲ್ 17ರಂದು, ನಾಯಕಿ ಸೌಂದರ್ಯ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಮುಂದಿನ ಚಿತ್ರ ‘ಆಪ್ತರಕ್ಷಕ’ ಬಿಡುಗಡೆಯಾಗುವ ಮೊದಲೇ, 2009ರ ಡಿಸೆಂಬರ್ 30ರಂದು, ವಿಷ್ಣುವರ್ಧನ್ ತಾವು ಹುಟ್ಟಿದ ಮೈಸೂರಿನಲ್ಲೇ ಕೊನೆಯುಸಿರೆಳೆದರು. ಎರಡು ಸಾವು, ಒಂದು ದೆವ್ವ. ಗಾಳಿಸುದ್ದಿಗೆ ಇನ್ನೇನು ಬೇಕು?

ಅದಿರಲಿ, ಇಷ್ಟು ಹೆದರಿಸುವ ಕಥೆಯನ್ನು ದುಡ್ಡು ಕೊಟ್ಟು ನೋಡುವುದೇಕೆ? ಪರದೆಯ ಮೇಲೆ ಬಾಗಿಲು ಕಿರ್ರೆಂದಾಗ ಮೆದುಳಿನ ಅಮಿಗ್ಡಲಾ ಅಪಾಯದ ಗಂಟೆ ಬಾರಿಸುತ್ತದೆ, ಅಡ್ರಿನಾಲಿನ್ ಹರಿಯುತ್ತದೆ, ಎದೆ ಬಡಿದುಕೊಳ್ಳುತ್ತದೆ. ಆದರೆ ಕುರ್ಚಿಯಲ್ಲಿ ಕ್ಷೇಮವಾಗಿ ಕೂತಿದ್ದೇವೆ ಎಂಬುದೂ ಅದೇ ಮೆದುಳಿಗೆ ಗೊತ್ತು. ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಮೆಣಸಿನಕಾಯಿ ಬಜ್ಜಿಗೆ ಕೈ ಚಾಚುತ್ತೇವಲ್ಲ, ಹಾಗೆ. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಇವೆರಡನ್ನೂ ಒಂದೇ ಗುಂಪಿಗೆ ಸೇರಿಸುತ್ತಾರೆ: ಹಾನಿಯಿಲ್ಲವೆಂದು ಗೊತ್ತಿರುವ ನೋವಿನ ಸುಖ.

ಇದನ್ನು ಚೆನ್ನಾಗಿ ಬಳಸಿಕೊಂಡವರು ಜಪಾನೀಯರು. 1998ರ ‘ರಿಂಗ್’ ಚಿತ್ರದಲ್ಲಿ ಬಾವಿಯಲ್ಲಿ ಸತ್ತ ಸಡಾಕೊ, ಬಿಳಿ ಬಟ್ಟೆ, ಬಿಚ್ಚಿದ ಕೂದಲಲ್ಲಿ ಟೀವಿಯಿಂದ ಹೊರಬರುತ್ತಾಳೆ. ನಮ್ಮ ಮೋಹಿನಿಯ ಅಕ್ಕನಂತೆಯೇ! ನಟಿಯನ್ನು ಹಿಂದಕ್ಕೆ ನಡೆಸಿ, ಆ ದೃಶ್ಯವನ್ನು ತಿರುಗಿಸಿ ಓಡಿಸಿದ್ದರಿಂದ ಅವಳ ನಡಿಗೆ ಮನುಷ್ಯರದ್ದಾಗಿಯೂ ಅಲ್ಲದಂತೆ ಕಾಣುತ್ತದೆ. ನೋಡುವವರಿಗೆ ಏನು ತಪ್ಪಿದೆ ಎಂದು ತಿಳಿಯುವುದಿಲ್ಲ, ಮೈ ಮಾತ್ರ ಜುಮ್ಮೆನ್ನುತ್ತದೆ. 2002ರಲ್ಲಿ ಹಾಲಿವುಡ್ ಅದನ್ನು ಮತ್ತೆ ಮಾಡಿದಾಗ ಸಡಾಕೊ ಹೋಗಿ ಸಮಾರಾ ಬಂದಳು. ಬಾವಿ, ಟೀವಿ ಮಾತ್ರ ಹಾಗೇ ಉಳಿದವು.

ನಾಗವಲ್ಲಿಯೂ ಹೀಗೆ ಊರೂರು ಸುತ್ತಿದವಳೇ. 1993ರ ಮಲಯಾಳಂ ‘ಮಣಿಚಿತ್ರತಾಳ್’ನಲ್ಲಿ ಅವಳು ತಂಜಾವೂರಿನ ತಮಿಳು ನರ್ತಕಿ. ಕನ್ನಡಕ್ಕೆ ಬಂದಾಗ ತೆಲುಗಿನವಳಾದಳು. ತಮಿಳಿನ ‘ಚಂದ್ರಮುಖಿ’ಯಲ್ಲೂ ತೆಲುಗು. ಹಿಂದಿಯ ‘ಭೂಲ್ ಭುಲಯ್ಯಾ’ದಲ್ಲಿ ಮಂಜುಲಿಕಾ ಬಂಗಾಳಿ. ದೆವ್ವ ಎಲ್ಲೂ ನಮ್ಮ ಭಾಷೆಯವಳಲ್ಲ, ತೀರಾ ಅಪರಿಚಿತಳೂ ಅಲ್ಲ, ಪಕ್ಕದ ಮನೆಯವಳು. ಮನೆಯ ಸೊಸೆ ಇದ್ದಕ್ಕಿದ್ದಂತೆ ತೆಲುಗಿನಲ್ಲಿ ಗದರಿದಾಗ ನಮ್ಮ ಬೆನ್ನು ತಣ್ಣಗಾಗುವುದು ಅದಕ್ಕೇ. ಈ ಬದಲಾವಣೆ ಇಲ್ಲದಿದ್ದರೆ ಕನ್ನಡದಲ್ಲಿ ಕಥೆ ಅರ್ಧಕ್ಕರ್ಧ ಸಪ್ಪೆಯಾಗುತ್ತಿತ್ತು ಎಂದು ನನಗನ್ನಿಸುತ್ತದೆ.

ಇನ್ನು ಶಾಪ. ಸೌಂದರ್ಯ ಹೊರಟಿದ್ದು ಚುನಾವಣಾ ಪ್ರಚಾರಕ್ಕೆ. ಅವರಿದ್ದ ಚಿಕ್ಕ ವಿಮಾನ ಬೆಂಗಳೂರಿನ ಜಕ್ಕೂರಿನಲ್ಲಿ ಮೇಲೇರಿದ ಕೂಡಲೇ ಬಿತ್ತು. ವಿಷ್ಣುವರ್ಧನ್ ತೀರಿಕೊಂಡದ್ದು ಹೃದಯಾಘಾತದಿಂದ, 59ನೇ ವಯಸ್ಸಿನಲ್ಲಿ. ಈಗ ಲೆಕ್ಕಕ್ಕೆ ತೆಗೆದುಕೊಳ್ಳದವರನ್ನು ನೋಡಿ. ಮೊದಲ ನಾಗವಲ್ಲಿ ಶೋಭನಾ ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದು, 2025ರಲ್ಲೂ ಮೋಹನ್‌ಲಾಲ್ ಜೊತೆ ನಟಿಸಿದ್ದಾರೆ. ಜ್ಯೋತಿಕಾ, ವಿದ್ಯಾ ಬಾಲನ್ ಕೂಡ ಮುಂದೆ ಹಲವು ಚಿತ್ರ ಮಾಡಿದರು. ನಿರ್ದೇಶಕ ಪಿ. ವಾಸು 2023ರಲ್ಲಿ ‘ಚಂದ್ರಮುಖಿ 2’ ಮಾಡಿದರು. ‘ಆಪ್ತಮಿತ್ರ’ದ ನಿರ್ಮಾಪಕ, ಹುಣಸೂರಿನ ದ್ವಾರಕೀಶ್ ಅವರಿಗೆ ನಷ್ಟಗಳ ನಡುವೆ ಕೈಹಿಡಿದದ್ದೇ ಆ ಚಿತ್ರ. ಅವರು 2024ರವರೆಗೆ, 81 ವರ್ಷ ಬದುಕಿದರು. ಹೊಂದುವ ಸಾವುಗಳನ್ನು ಮಾತ್ರ ಎಣಿಸಿ, ಹೊಂದದ ಬದುಕುಗಳನ್ನು ಬಿಟ್ಟುಬಿಟ್ಟರೆ ಯಾವ ಸಿನಿಮಾಕ್ಕೂ ಶಾಪ ಹುಟ್ಟಿಸಬಹುದು. ಹಾಲಿವುಡ್‌ನ ‘ಪೋಲ್ಟರ್‌ಗೈಸ್ಟ್’ಗೂ ಇಂಥದೇ ಶಾಪ ಅಂಟಿಸಿದ್ದಾರೆ.

ಶಾಪದ ಗದ್ದಲದಲ್ಲಿ ಚಿತ್ರ ಹೇಳಿದ್ದೇ ಮರೆತುಹೋಯಿತು. ಗಂಗಾಳಿಗೆ ಹಿಡಿದಿದ್ದು ದೆವ್ವವಲ್ಲ, ಕಾಯಿಲೆ ಎನ್ನುತ್ತಾನೆ ಅಲ್ಲಿನ ಮನೋವೈದ್ಯ. ಅಷ್ಟು ಹೇಳಿ ಗುಣಪಡಿಸುವುದು ಮಾತ್ರ ಒಂದೇ ರಾತ್ರಿಯ ಪೂಜೆಯ ನಾಟಕದಿಂದ. ನಿಜವಾಗಿ ಇಂಥ ಕಾಯಿಲೆಗೆ ಮಾತಿನ ಚಿಕಿತ್ಸೆಯೇ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬೇಕು. ಹೆರಿಗೆಯಾದ ಕೆಲವೇ ದಿನಗಳಲ್ಲಿ ಬಾಣಂತಿ ನಿದ್ದೆ ಬಿಟ್ಟು, ಏನೇನೋ ಮಾತಾಡಿ, ಇಲ್ಲದ ದನಿ ಕೇಳಿಸುತ್ತಿದೆ ಎಂದರೆ ಮನೆಯವರು ಗಾಳಿ ಸೋಕಿದೆ ಎಂದು ತಾಯತಕ್ಕೆ ಓಡುವುದುಂಟು. ಅದು ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ ತರಬಲ್ಲ, ಆದರೆ ಔಷಧಿಯಿಂದ ವಾಸಿಯಾಗುವ ಕಾಯಿಲೆ. ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.