ಊರಿನ ತಂತಿ ಯಾರ ಸ್ವತ್ತು?

ಹಳ್ಳಿಗಳಿಗೆ ಅಂತರ್ಜಾಲವು ಏಕೆ ಸರಿಯಾಗಿ ತಲುಪಲಿಲ್ಲವೆಂದು ಕೇಳಿದರೆ ಕಂಪೆನಿಗಳಿಂದ ದೊರೆಯುವ ಉತ್ತರವೊಂದೇ: ಮನೆಗಳು ವಿರಳ, ವೆಚ್ಚವು ಅಧಿಕ, ಲಾಭವು ಅಲ್ಪ. ವ್ಯಾಪಾರಿಯ ಲೆಕ್ಕವಾಗಿ ಇದು ಸರಿಯಿರಬಹುದು. ಆದರೆ ಆ ಲೆಕ್ಕವನ್ನೇ ಸಮಾಜದ ಧರ್ಮವೆಂದು ಒಪ್ಪಿ, ಕಂಪೆನಿಯ ಕೃಪೆಯಾಗುವವರೆಗೆ ಊರವರು ಕೈಕಟ್ಟಿ ಕುಳಿತಿರತಕ್ಕುದೆಂಬುದು ಯಾವ ನ್ಯಾಯ? ವಿದ್ಯಾರ್ಥಿಯ ಅರ್ಜಿ, ರೈತನ ಪಹಣಿ ಮೊದಲಾದುವೆಲ್ಲ ಆ ತಂತಿಯನ್ನೇ ಆಶ್ರಯಿಸಿರುವ ಈ ಕಾಲದಲ್ಲಿ ತಂತಿಯಿಲ್ಲದ ಊರು ಬಾಗಿಲಿಲ್ಲದ ಮನೆಯಂತೆ.

ಇಂಗ್ಲೆಂಡಿನ ಲ್ಯಾಂಕಾಷೈರ್ ಪ್ರಾಂತದ ಲ್ಯೂನ್ ಕಣಿವೆಯ ಹಳ್ಳಿಗರು ಹಾಗೆ ಕುಳಿತಿರಲಿಲ್ಲ. 2011ರಲ್ಲಿ ಅವರು 'ಬ್ರಾಡ್‌ಬ್ಯಾಂಡ್ ಫಾರ್ ದಿ ರೂರಲ್ ನಾರ್ತ್' ಎಂಬ ಸಂಘವನ್ನು ಸ್ಥಾಪಿಸಿದರು. ಷೇರುಗಳಿಂದ ಬಂಡವಾಳವು ಕೂಡಿತು. ಹೊಲದೊಡೆಯರು ತಂತಿ ಹಾಯುವ ದಾರಿಯನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟರು. ಊರವರೇ ಸಲಿಕೆ ಹಿಡಿದು ನೆಲವನ್ನಗೆದು ಗಾಜಿನ ಎಳೆಯನ್ನು ಹೂಳಿದರು. ಅನೇಕ ನಗರಗಳಿಗೂ ಆಗ ದುರ್ಲಭವಾಗಿದ್ದ, ಸೆಕೆಂಡಿಗೆ ಒಂದು ಗಿಗಾಬಿಟ್ಟಿನ ವೇಗವು ಹೊಲಮನೆಗಳಿಗೆ ದೊರೆಯಿತು. ಷೇರು ಎಷ್ಟಿದ್ದರೂ ಸದಸ್ಯನಿಗೆ ಮತವೊಂದೇ; ಉಳಿತಾಯವು ಸಮುದಾಯದ ಹಿತಕ್ಕೆ ಮೀಸಲು.

ಇದು ಧನಿಕ ದೇಶದ ಮಾತೆಂದು ಕೆಲವರು ಆಕ್ಷೇಪಿಸುವರು. ಅದೇ ಲ್ಯಾಂಕಾಷೈರಿನ ರಾಚ್‌ಡೇಲಿನಲ್ಲಿ 1844ರಲ್ಲಿ ಸಹಕಾರದ ಅಂಗಡಿಯನ್ನು ತೆರೆದವರಲ್ಲಿ ಬಡ ನೇಕಾರರಿದ್ದರೆಂಬುದನ್ನು ಅವರು ಮರೆತಿರುವರು. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ಧನಗೌಡ ಪಾಟೀಲರ ಮುಂದಾಳುತನದಲ್ಲಿ ರೈತರು ಕೂಡಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದುದನ್ನೂ ಮರೆತಿರುವರು. ಸಾಲಕ್ಕಾಗಿ ಒಂದುಗೂಡಬಲ್ಲ ಊರು ತಂತಿಗಾಗಿ ಒಂದುಗೂಡಲಾರದೆ?

ಸಾರ್ವಜನಿಕ ಸಂಸ್ಥೆಗಳಿಗೆ ಇಂಥ ಕಾರ್ಯದ ಯೋಗ್ಯತೆಯಿಲ್ಲವೆಂಬುದು ಮತ್ತೊಂದು ಆಕ್ಷೇಪ. ಅಮೆರಿಕದ ಟೆನೆಸೀ ಸಂಸ್ಥಾನದ ಚಟನೂಗ ನಗರದ ವಿದ್ಯುತ್ ಸಂಸ್ಥೆಯು ಸಾರ್ವಜನಿಕರದೇ. ಅದು 2010ರಲ್ಲಿ ಗಿಗಾಬಿಟ್ ವೇಗವನ್ನು ತನ್ನ ವಿದ್ಯುತ್ ಪ್ರದೇಶದಲ್ಲೆಲ್ಲ ಲಭ್ಯವಾಗಿಸಿತು. ಆದರೆ ಆ ಎಲ್ಲೆಯನ್ನು ದಾಟಿ ನೆರೆಯ ಹಳ್ಳಿಗಳಿಗೆ ಸೇವೆ ಸಲ್ಲಿಸಲು ಸಂಸ್ಥಾನದ ಕಾನೂನು ಅಡ್ಡಿಯಾಯಿತು. 2015ರಲ್ಲಿ ಕೇಂದ್ರದ ಸಂಪರ್ಕ ಆಯೋಗವು ಆ ಅಡ್ಡಿಯನ್ನು ನಿವಾರಿಸಿದರೆ, 2016ರಲ್ಲಿ ಮೇಲ್ಮನವಿಯ ನ್ಯಾಯಾಲಯವು ಆಯೋಗದ ಆಜ್ಞೆಯನ್ನೇ ತಳ್ಳಿಹಾಕಿತು. ಓಡಲಾರದ ಕುದುರೆಗೆ ಕಾಲುಕಟ್ಟು ಹಾಕುವವರುಂಟೆ?

ಸರ್ಕಾರದ ಹೊಣೆಯು ಇದರಿಂದ ತಪ್ಪುವುದಿಲ್ಲ. ದೂರದ ಹೆದ್ದಾರಿಯನ್ನು ಸರ್ಕಾರವು ಹಾಕತಕ್ಕುದೇ ಸರಿ. ಗ್ರಾಮ ಪಂಚಾಯತಿಗಳವರೆಗೆ ಗಾಜಿನ ಎಳೆಯನ್ನು ಒಯ್ಯುವ, ಇಂದು ಭಾರತ್‌ನೆಟ್ ಎನಿಸಿದ ಯೋಜನೆಗೆ 2011ರಲ್ಲಿಯೇ ಒಪ್ಪಿಗೆ ದೊರೆತಿರುವುದು. ಪಂಚಾಯತಿಯ ಕಟ್ಟಡದಿಂದ ಮನೆಯ ಹೊಸ್ತಿಲಿನವರೆಗಿನ ದಾರಿಯು ಮಾತ್ರ ಊರಿನದಾಗಿರಬೇಕು. ಕೆರೆಯ ತೂಬನ್ನು ಪರರ ಕೈಗೆ ಕೊಟ್ಟ ಊರು ನೀರಿಗಾಗಿ ಬೇಡತಕ್ಕುದೇ. ಹಳ್ಳಿಗೆ ಬೇಕಾದುದು ದಾನವಾಗಿ ಬಂದ ತಂತಿಯಲ್ಲ. ತನ್ನದೆಂದು ಹೇಳಿಕೊಳ್ಳಬಹುದಾದ ತಂತಿ.